ಬಿದ್ದ ಮೇಲೆ ಏರುವುದು

ಕುದುರೆಯಿಂದ ಬಿದ್ದವನು ಮೈಮೇಲಿನ ಮಣ್ಣು ಕೊಡವುವ ಮೊದಲೇ ಮತ್ತೆ ಏರಿಬಿಡಬೇಕು, ಇಲ್ಲದಿದ್ದರೆ ಜನ್ಮದಲ್ಲಿ ಏರಲಾರ ಎಂದು ಹೇಳುವವರಿದ್ದಾರೆ. ನಾನು ಬಿದ್ದದ್ದು 1978ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಮತ್ತೆ ಏರಿದ್ದು 2019ರಲ್ಲಿ. ನಡುವಿನ ನಲವತ್ತೊಂದು ವರ್ಷ ಕುದುರೆಯ ಮಾತು ಬಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಇಷ್ಟೇ: "ಚಿಕ್ಕಂದಿನಲ್ಲಿ ಒಂದು ಸಲ ಎತ್ತಿ ಹಾಕಿತು, ಆಮೇಲೆ ಧೈರ್ಯ ಹೋಯಿತು." ಕೇಳಿದವರು ತಲೆಯಾಡಿಸುತ್ತಿದ್ದರು. ಆ ಒಂದು ವಾಕ್ಯದಲ್ಲಿ ಎರಡು ಸುಳ್ಳುಗಳಿದ್ದವು. ಒಂದು, ಬಿದ್ದ ಬಗೆಗಿನದು. ಇನ್ನೊಂದು, ಹೋದದ್ದು ಧೈರ್ಯ ಎಂಬುದು. ನಾನಿಲ್ಲಿ ವಿಚಾರ ಮಾಡಬೇಕೆಂದಿರುವುದು ಎರಡನೆಯದನ್ನು. ಆದರೆ ಮೊದಲನೆಯದನ್ನು ಮುಚ್ಚಿಟ್ಟುಕೊಂಡು ಎರಡನೆಯದನ್ನು ಹೇಳಲು ಬರುವುದಿಲ್ಲ.

ನಿಮ್ಮದು ಮಲಯಾಳದ ಗಡಿ, ನಮ್ಮದು ತಮಿಳಿನ ಗಡಿ. ನಾವೂ ನೀವೂ ಕುದುರೆ ಎಂದರೆ, ನಿಮ್ಮ ನೆರೆಮನೆಯವರು ಕುತಿರ ಎನ್ನುತ್ತಾರೆ, ನಮ್ಮ ನೆರೆಮನೆಯವರು ಕುದಿರೈ ಎನ್ನುತ್ತಾರೆ. ಆದರೂ ಕೆಸರುಗದ್ದೆಯಲ್ಲಿ ಕೋಣ ಓಡಿಸುವ ಕರಾವಳಿಯವರಿಗೆ ಕುದುರೆಯ ಗೊಡವೆ ಅಷ್ಟಾಗಿ ಇಲ್ಲ. ಧರ್ಮಪುರಿ, ಸೇಲಂ ಕಡೆಯ ನೆಲ ಒಣನೆಲ. ರಾಗಿ, ಹುರುಳಿ ಬೆಳೆಯುವ ನೆಲ. ಇಲ್ಲಿ ಊರ ಹೊರಗಿನ ಗುಡಿಗಳ ಮುಂದೆ ಆಳೆತ್ತರದ ಮಣ್ಣಿನ ಕುದುರೆಗಳು ನಿಂತಿರುತ್ತವೆ. ಅವುಗಳ ಬೆನ್ನ ಮೇಲೆ ಯಾರೂ ಇರುವುದಿಲ್ಲ. ರಾತ್ರಿ ದೇವರು ಏರಿ ಊರು ಕಾಯುತ್ತಾನೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯಕ್ಕೆ ಕುದುರೆ ಒದಗಿಸುವ ಡಿಪೋ ಇತ್ತು, ಆಮೇಲೆ ಅದು ಸರ್ಕಾರದ ಜಾನುವಾರು ಫಾರಂ ಆಯಿತು. ತಮಿಳರ ಆಡಿ ತಿಂಗಳಲ್ಲಿ, ಎಂದರೆ ನಮ್ಮ ಆಷಾಢ ಶ್ರಾವಣದ ಹೊತ್ತಿಗೆ, ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯಲ್ಲಿ ದನ ಮತ್ತು ಕುದುರೆಗಳ ದೊಡ್ಡ ಸಂತೆ ಸೇರುತ್ತದೆ. ಅಂದಿಯೂರಿನ ಮೇಲಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವವರೇ ಇರುವುದರಿಂದ ಆ ಸಂತೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ನನ್ನ ಕತೆಯಲ್ಲಿ ಈ ಸಂತೆಗೆ ಒಂದು ಪಾತ್ರವಿದೆ.

ನನ್ನ ಸೋದರಮಾವ ಧರ್ಮಪುರಿಯಲ್ಲಿ ಜಟಕಾ ಹೊಡೆಯುತ್ತಿದ್ದರು. (ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಜಿಲ್ಲೆಯೂ ನಾನೂ ಒಂದೇ ವರ್ಷದವರು.) ಅವರ ಕುದುರೆ ರಾಜ, ಕಂದು ಬಣ್ಣದ ತಟ್ಟು. ಮಧ್ಯಾಹ್ನ ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅದನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಸಿಕೊಂಡು ಬರುವುದು ನನ್ನ ಕೆಲಸ. ಜೀನಿಲ್ಲ, ರಿಕಾಪಿಲ್ಲ. ಒಂದು ಗೋಣಿಚೀಲ, ಒಂದು ಹಗ್ಗ, ಜೂಲು ಹಿಡಿದ ಎಡಗೈ. ಒಂಬತ್ತನೆಯ ವಯಸ್ಸಿನಿಂದ ಹದಿಮೂರರವರೆಗೆ ಹೀಗೆ ನಾಲ್ಕು ವರ್ಷ. ನನಗೆ ಭಯವೆಂಬುದೇ ಗೊತ್ತಿರಲಿಲ್ಲ. ಊರಿನ ಹುಡುಗರ ನಡುವೆ ಅದೊಂದು ಪದವಿಯಾಗಿತ್ತು.

ಒಂದು ದಿನ ಕೆರೆ ಏರಿಯ ಮೇಲೆ ಯಾರೋ ಕಡಲೆಕಾಯಿ ಒಣಗಿಸಲು ಲಾರಿಯ ಟಾರ್ಪಾಲು ಹಾಸಿದ್ದರು. ಗಾಳಿಗೆ ಅದರ ಒಂದು ಮೂಲೆ ಎದ್ದು ಪಟಪಟ ಬಡಿಯುತ್ತಿತ್ತು. ರಾಜ ನಿಂತುಬಿಟ್ಟಿತು. ಕಿವಿ ಮುಂದೆ ಮಾಡಿ, ಮೂಗು ಅರಳಿಸಿ ನೋಡಿತು. ನನ್ನ ಹಿಂದೆ ನಾಲ್ಕೈದು ಹುಡುಗರು ಬರುತ್ತಿದ್ದರು, ಒಬ್ಬ ನಕ್ಕ. ನನ್ನ ಕೈಯಲ್ಲಿ ಹುಣಿಸೆ ಬರಲು ಇತ್ತು. ಪಕ್ಕೆಗೆ ಹೊಡೆದೆ, ಅದು ಹಿಂದೆ ಸರಿಯಿತು. ಮತ್ತೆ ಹೊಡೆದೆ. ಇನ್ನೂ ನಗು ಕೇಳಿಸಿತು. ಮೂರನೆಯ ಏಟು ಕಿವಿಯ ಬುಡಕ್ಕೆ ಬಿತ್ತು. ರಾಜ ಮುಂಗಾಲು ಎತ್ತಿತು, ನಾನು ಕಲ್ಲುಕಟ್ಟಣೆಯ ಮೇಲೆ ಬಿದ್ದೆ. ಹೆಗಲಿನ ಮೂಳೆ ಮುರಿಯಿತು. ಕುದುರೆ ಓಡಿಹೋಗಲಿಲ್ಲ, ಹತ್ತು ಮಾರು ಆಚೆ ನಿಂತು ನಡುಗುತ್ತಿತ್ತು.

ಮಾವ ಬಂದು "ಏನಾಯ್ತೋ?" ಎಂದು ಕೇಳಿದರು. "ಸುಮ್ಮನೆ ಹೋಗ್ತಿದ್ದದ್ದು, ಇದ್ದಕ್ಕಿದ್ದ ಹಾಗೆ ಎತ್ತಿ ಹಾಕಿಬಿಡ್ತು ಮಾವ" ಎಂದೆ. ಹುಡುಗರು ಬಾಯಿ ಬಿಡಲಿಲ್ಲ. ಹೆಂಗಸರು, ಮಕ್ಕಳು, ಬಸುರಿಯರು ಕೂರುವ ಗಾಡಿ ಅದು. ಕಾರಣವಿಲ್ಲದೆ ಎತ್ತಿ ಹಾಕುವ ಕುದುರೆಯನ್ನು ಗಾಡಿಗೆ ಕಟ್ಟುವವರು ಯಾರು? ಆ ವರ್ಷದ ಜಾತ್ರೆಗೆ ಮಾವ ಅದನ್ನು ಅಂದಿಯೂರಿಗೆ ನಡೆಸಿಕೊಂಡು ಹೋಗಿ ಬಂದ ಬೆಲೆಗೆ ಮಾರಿ ಬಂದರು. ಅದರ ಬದಲಿಗೆ ತಂದ ಮುದಿ ಕುದುರೆ ಎರಡು ವರ್ಷ ಗಾಡಿ ಎಳೆಯಿತು. ಮಾವ 1996ರಲ್ಲಿ ತೀರಿಕೊಂಡರು. ಅವರಿಗೆ ನಿಜ ಹೇಳಲು ನನಗೆ ಹದಿನೆಂಟು ವರ್ಷಗಳ ಕಾಲಾವಕಾಶವಿತ್ತು.

ಈಗ ಧೈರ್ಯದ ವಿಷಯಕ್ಕೆ ಬರೋಣ. ಹದಿಮೂರರ ಹುಡುಗನಲ್ಲಿ ಇದ್ದದ್ದು ಧೈರ್ಯವೆ? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಧೈರ್ಯದಂತೆ ಕಾಣುವ, ಆದರೆ ಧೈರ್ಯವಲ್ಲದ ಕೆಲವು ಗುಣಗಳನ್ನು ಬೇರೆ ಮಾಡಿ ತೋರಿಸುತ್ತಾನೆ. ಅಪಾಯವೇನೆಂದು ತಿಳಿಯದವನ ನಿರ್ಭಯ ಅವುಗಳಲ್ಲೊಂದು. ಹಿಂದೆ ಹಲವು ಸಲ ಗೆದ್ದೆನೆಂಬ ಕಾರಣಕ್ಕೆ ಈಗಲೂ ಗೆಲ್ಲುವೆನೆಂದು ನುಗ್ಗುವವನದು ಇನ್ನೊಂದು. ಜನರ ಕಣ್ಣಿನಲ್ಲಿ ಮಾನ ಉಳಿಸಿಕೊಳ್ಳಲು ಮುಂದೆ ಹೋಗುವವನದು ಮತ್ತೊಂದು. ಈ ಮೂರೂ ನನ್ನಲ್ಲಿದ್ದವು, ನಾಲ್ಕನೆಯದು ಇರಲಿಲ್ಲ. ನಮ್ಮ ಹಳ್ಳಿಯವರು ಇದನ್ನೇ ಹುಂಬತನ, ಭಂಡಧೈರ್ಯ ಎಂದು ಚುಟುಕಾಗಿ ಹೇಳುತ್ತಾರೆ. ಹಾಗಾದರೆ ನನ್ನಲ್ಲಿ ಇರದೆ ಇದ್ದ ಧೈರ್ಯ ಹೋಗುವುದಾದರೂ ಹೇಗೆ? ಹೋದದ್ದು ಬೇರೆ ಏನೋ.

ಧರ್ಮಪುರಿಯ ಸುತ್ತ ವೀರಗಲ್ಲುಗಳು ಹೇರಳ. ಊರಿನ ವಸ್ತುಸಂಗ್ರಹಾಲಯದಲ್ಲೂ ಸಾಲಾಗಿ ನಿಲ್ಲಿಸಿದ್ದಾರೆ. ದನ ಕಾಯುತ್ತ ಸತ್ತವನು, ಊರಿಗಾಗಿ ಸತ್ತವನು, ಕತ್ತಿ ಎತ್ತಿದವನು. ಬಿದ್ದವನಿಗೆ ಕಲ್ಲು ಉಂಟು. ಬಿದ್ದು, ಎದ್ದು, ಹೆದರಿ ಮನೆಗೆ ಹೋಗಿ, ಬಹಳ ಕಾಲದ ಮೇಲೆ ನಾಚುತ್ತ ಹಿಂದಿರುಗಿದವನಿಗೆ ಕಲ್ಲು ನಿಲ್ಲಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ. ನಮ್ಮ ಶೌರ್ಯದ ಕಲ್ಪನೆಯಲ್ಲಿ ಅವನಿಗೆ ಜಾಗವಿಲ್ಲ. ನಾವೆಲ್ಲ ಬಹುಮಟ್ಟಿಗೆ ಅವನ ಜಾತಿಯವರೇ ಎಂಬುದು ಬೇರೆ ಮಾತು.

ಕಲ್ಲಲ್ಲದಿದ್ದರೂ ಕಂಚಿನ ಒಬ್ಬ ಸವಾರ ನನ್ನ ನೆನಪಿಗೆ ಬರುತ್ತಾನೆ. ಶ್ರೀರಂಗಪಟ್ಟಣದ ಒಪ್ಪಂದದಿಂದ 1792ರಲ್ಲಿ ಬಾರಾಮಹಲ್ ಮತ್ತು ಸೇಲಂ ಟಿಪ್ಪುವಿನಿಂದ ಕಂಪನಿಯ ಕೈಗೆ ಹೋದಾಗ ಕಂದಾಯದ ಏರ್ಪಾಡಿಗೆ ಅಲೆಗ್ಸಾಂಡರ್ ರೀಡ್ ಬಂದ. ಅವನ ಸಹಾಯಕರಲ್ಲೊಬ್ಬ ಥಾಮಸ್ ಮನ್ರೋ. 1799ರವರೆಗೆ ಅವನು ಧರ್ಮಪುರಿ ಸೀಮೆಯಲ್ಲಿದ್ದ. ಕುದುರೆಯ ಮೇಲೆ ಹಳ್ಳಿ ಹಳ್ಳಿ ಸುತ್ತಿ ಹೊಲ ಅಳೆಸಿದ. ಅಲ್ಲಿಂದ ಅವನನ್ನು ಕಳುಹಿಸಿದ್ದು ನಿಮ್ಮ ಕನ್ನಡ ಜಿಲ್ಲೆಗೆ. ಬೇಕಲ, ಕಾಸರಗೋಡುಗಳೂ ಸೇರಿದ್ದ ಆ ಕೆನರಾಕ್ಕೆ ಅವನೇ ಕಂಪನಿಯ ಮೊದಲ ಕಲೆಕ್ಟರ್. ನಿಮ್ಮ ಮಳೆ ಅವನಿಗೆ ಒಗ್ಗಲಿಲ್ಲ. ಒಂದೂವರೆ ವರ್ಷ ತುಂಬುವ ಮೊದಲೇ ಬೇಡಿಕೊಂಡು ಬೇರೆಡೆಗೆ ಹೋದ. ಮುಂದೆ ಮದರಾಸಿನ ಗವರ್ನರ್ ಆಗಿ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. 1839ರಲ್ಲಿ ಮದರಾಸಿನಲ್ಲಿ ನಿಲ್ಲಿಸಿದ ಅವನ ಪ್ರತಿಮೆಯನ್ನು ನೋಡಿದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಕುದುರೆಗೆ ಜೀನಿಲ್ಲ, ಸವಾರನ ಕಾಲಿಗೆ ರಿಕಾಪಿಲ್ಲ. ಶಿಲ್ಪಿ ಫ್ರಾನ್ಸಿಸ್ ಶಾಂಟ್ರಿ ಮರೆತುಬಿಟ್ಟ, ಆಮೇಲೆ ನಾಚಿಕೆಯಿಂದ ಪ್ರಾಣ ಕಳೆದುಕೊಂಡ ಎಂದು ಮದರಾಸಿನಲ್ಲಿ ಕತೆ ಕಟ್ಟಿದ್ದಾರೆ. ಕತೆ ಸುಳ್ಳು. ಲಂಡನ್ನಿನಲ್ಲಿರುವ ನಾಲ್ಕನೆಯ ಜಾರ್ಜ್ ಮತ್ತು ವೆಲಿಂಗ್ಟನ್ ಪ್ರತಿಮೆಗಳಿಗೂ ಅವನು ರಿಕಾಪು ಹಾಕಿಲ್ಲ. ಅದು ಅವನ ಮನಸ್ಸಿಗೆ ಒಪ್ಪಿದ ರೀತಿ. ಆದರೆ ಜನ ಅದನ್ನು ಮರೆವು ಎಂದೇ ತಿಳಿಯುವುದು ಸೋಜಿಗ. ಆಸರೆಯಿಲ್ಲದೆ ಕೂರುವುದು ಸಾಧ್ಯ ಎಂದು ನಂಬುವುದಕ್ಕಿಂತ ಶಿಲ್ಪಿ ತಪ್ಪಿದ ಎಂದು ನಂಬುವುದು ನಮಗೆ ಸುಲಭ.

2019ರಲ್ಲಿ ನನ್ನ ಮಗಳು ಹೊಸೂರಿನಲ್ಲಿ ಕೆಲಸಕ್ಕಿದ್ದಳು. ಊರಾಚೆಯ ಒಂದು ತೋಟದಲ್ಲಿ, ಸೈನ್ಯದಲ್ಲಿ ಕುದುರೆಗಳ ನಡುವೆ ಬಾಳಿ ನಿವೃತ್ತರಾದ ಒಬ್ಬರು ನಾಲ್ಕು ಕುದುರೆ ಸಾಕಿಕೊಂಡು ಆಸಕ್ತರಿಗೆ ಸವಾರಿ ಕಲಿಸುತ್ತಿದ್ದರು. ಮಗಳನ್ನು ಬಿಡಲು ಹೋದವನು ಬೇಲಿಯಾಚೆ ನಿಂತಿದ್ದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ನೀವು ಮೊದಲು ಸವಾರಿ ಮಾಡಿದವರು ಅಲ್ಲವೆ?" ಎಂದರು. ಹೇಗೆ ತಿಳಿಯಿತು ಎಂದು ಕೇಳಿದರೆ, "ಹೆದರುವವರು ಎರಡು ತರಹ. ತಿಳಿಯದೆ ಹೆದರುವವರು ಕುದುರೆಯ ಕಾಲು ನೋಡುತ್ತಾರೆ. ನೀವು ಕಿವಿ ನೋಡುತ್ತಿದ್ದೀರಿ" ಎಂದರು.

ಮೊದಲ ವಾರ ಏರಲು ಬಿಡಲಿಲ್ಲ. ಮೈ ಉಜ್ಜುವುದು, ಗೊರಸು ಎತ್ತಿ ಕೆರೆಯುವುದು, ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು. ಎರಡನೆಯ ವಾರ ಒಂದು ಹೆಣ್ಣು ಕುದುರೆಯ ಮೇಲೆ ಕೂರಿಸಿದರು. ಉದ್ದ ಹಗ್ಗದ ತುದಿ ಅವರ ಕೈಯಲ್ಲಿ. ಐವತ್ತನಾಲ್ಕು ವರ್ಷದ ನನ್ನ ಮೈ ಆಗ ಮಾಡಿದ್ದನ್ನು ಹೇಳಲು ಸಂಕೋಚ. ಉಸಿರು ಕಟ್ಟಿತು. ಮೊಣಕಾಲುಗಳು ಇಕ್ಕಳದಂತೆ ಬಿಗಿದವು. ಕೈ ಲಗಾಮನ್ನು ಎದೆಗೆ ಎಳೆದುಕೊಂಡಿತು. ಅವರು ನಗಲಿಲ್ಲ; ಒಂದು ಮಾತು ಹೇಳಿದರು. ಕಾಲಿನ ಒತ್ತು ಕುದುರೆಗೆ "ಓಡು" ಎಂಬ ಅಪ್ಪಣೆ. ಲಗಾಮಿನ ಎಳೆತ "ನಿಲ್ಲು" ಎಂಬ ಅಪ್ಪಣೆ. ಹೆದರಿದ ಸವಾರ ಎರಡನ್ನೂ ಒಟ್ಟಿಗೆ ಹೇಳುತ್ತಾನೆ. ಪಾಪದ ಪ್ರಾಣಿ ಯಾವುದನ್ನು ಕೇಳಬೇಕು? ಅದು ಕೊನೆಗೆ ಕುಣಿದಾಡಿದರೆ ಕುದುರೆಗೆ ಕೆಟ್ಟ ಬುದ್ಧಿ ಎನ್ನುತ್ತೇವೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಯ ನನ್ನೊಳಗಿನ ಸ್ವಂತ ಆಸ್ತಿ, ಅದನ್ನು ಗೆದ್ದರೂ ಸೋತರೂ ನನ್ನದೇ ವ್ಯವಹಾರ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. 2009ರಲ್ಲಿ ಸ್ವೀಡನ್ನಿನ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕುದುರೆಯನ್ನು ನಡೆಸಿಕೊಂಡು ಹೋಗುವವರು ಮತ್ತು ಸವಾರರು ಒಂದು ದಾರಿಯಲ್ಲಿ ನಾಲ್ಕು ಸಲ ಹೋಗಬೇಕು. ನಾಲ್ಕನೆಯ ಸಲ ಪಕ್ಕದಲ್ಲಿ ಥಟ್ಟನೆ ಕೊಡೆ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಿದ್ದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಆ ಸಲ ಮನುಷ್ಯರ ಎದೆಬಡಿತ ಏರಿತು, ಅವರೊಂದಿಗೆ ಕುದುರೆಗಳದೂ ಏರಿತು. ಬಾರದ ಕೊಡೆಗೆ ಕುದುರೆ ಹೆದರಿದ್ದಲ್ಲ; ಹೆದರಿದ ಮನುಷ್ಯನ ಮೂಲಕ ಹೆದರಿತು. ಹಾಗಾದರೆ 1978ರ ಮಧ್ಯಾಹ್ನ ರಾಜನಿಗೆ ಟಾರ್ಪಾಲಿನ ಭಯ ಎಷ್ಟು, ನಾನು ಕೊಟ್ಟ ಭಯ ಎಷ್ಟು?

ಇದಕ್ಕೆ ಬಹಳ ಹಿಂದೆಯೇ ಉತ್ತರ ಬರೆದಿಟ್ಟವನಿದ್ದಾನೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಕುದುರೆ ಯಾವುದನ್ನಾದರೂ ಕಂಡು ಬೆದರಿದರೆ ಅದನ್ನು ಹತ್ತಿರದಿಂದ ನೋಡಲು ಬಿಡಬೇಕು, ಮೆಲ್ಲನೆ ಕರೆದೊಯ್ಯಬೇಕು; ಹೊಡೆದರೆ ಆ ನೋವೂ ಆ ವಸ್ತುವಿನಿಂದಲೇ ಬಂತು ಎಂದು ತಿಳಿದು ಅದರ ಭಯ ಹೆಚ್ಚುತ್ತದೆ ಎಂಬುದು ಅವನ ಬುದ್ಧಿಮಾತು. ಕೋಪದಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ ಎಂದೂ ಹೇಳುತ್ತಾನೆ. ಯುದ್ಧಕ್ಕೆ ಕುದುರೆ ತಯಾರು ಮಾಡುತ್ತಿದ್ದವನ ಮಾತು ಇದು, ಸಾಧುವಿನದಲ್ಲ.

ನಮ್ಮಲ್ಲಿ ಕುದುರೆಯ ಶಾಸ್ತ್ರಕ್ಕೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯಾಟಕ್ಕೆ ಒಂದು ಅಧ್ಯಾಯವೇ ಇದೆ. ತತ್ತ್ವದ ಕಡೆ ನೋಡಿದರೆ ಕಠೋಪನಿಷತ್ತಿನ ರಥ ಎಲ್ಲರಿಗೂ ಗೊತ್ತು: ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ದೊಡ್ಡ ಉಪಮೆ, ಒಪ್ಪುತ್ತೇನೆ. ಆದರೆ ಅಲ್ಲಿ ಕುದುರೆಗೆ ಒಂದೇ ಕೆಲಸ, ಹಿಡಿತದಲ್ಲಿರುವುದು. ಅದರ ಕಡೆಯಿಂದ ಯಾರೂ ಮಾತಾಡುವುದಿಲ್ಲ. ನಾವು "ಆತ್ಮವಿಶ್ವಾಸ" ಎನ್ನುವಾಗಲೂ ಆ ರಥದಲ್ಲೇ ಕೂತಿರುತ್ತೇವೆ. ವಿಶ್ವಾಸವೆಲ್ಲ ಆತ್ಮನ ಮೇಲೆ. ಎದುರಿನ ಪ್ರಾಣಿ ಸಾಧನ. ಕನ್ನಡದಲ್ಲಿ ಇನ್ನೊಂದು ಹಳೆಯ ಮಾತಿದೆ, ನೆಚ್ಚು. ನೆಚ್ಚು ಒಬ್ಬನೇ ಇಟ್ಟುಕೊಳ್ಳುವ ವಸ್ತುವಲ್ಲ. ನೆಚ್ಚುವವನು ಒಬ್ಬ, ನೆಚ್ಚಿಸಿಕೊಳ್ಳುವವನು ಇನ್ನೊಬ್ಬ. ಕೆರೆ ಏರಿಯ ಮೇಲೆ ಹೋದದ್ದು ನನ್ನ ಧೈರ್ಯವಲ್ಲ, ನನ್ನ ಮೇಲೆ ರಾಜನಿಗಿದ್ದ ನೆಚ್ಚು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾವ ಕುದುರೆಯ ಮುಖವನ್ನೂ ನೋಡಲಾಗದೆ, ಅದಕ್ಕೆ ಭಯ ಎಂದು ಹೆಸರಿಟ್ಟುಕೊಂಡೆ. ಭಯಪಟ್ಟವನನ್ನು ಜನ ಕನಿಕರಿಸುತ್ತಾರಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತಾನು ಧೈರ್ಯವಂತನೆಂದು ತಿಳಿಯುವುದಕ್ಕಾಗಿ ಇನ್ನೊಂದು ಜೀವದ ಬೆನ್ನು ಏರುವುದೇ ಅನ್ಯಾಯವಲ್ಲವೆ? ನಡೆದುಕೊಂಡು ಹೋದರಾಯಿತಲ್ಲ? ನನ್ನ ಮಗಳೇ ಇದನ್ನು ಕೇಳಿದಳು. ಪೂರ್ತಿ ಉತ್ತರ ನನ್ನಲ್ಲಿಲ್ಲ. ಆದರೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ನೆನಪಾಗುತ್ತಾಳೆ. 1944ರಲ್ಲಿ ಪೋಲಿಯೋ ತಗುಲಿ ಮೊಣಕಾಲ ಕೆಳಗಿನ ಶಕ್ತಿ ಹೋಯಿತು. ಕುದುರೆಯ ಮೇಲೆ ಕೂರಲೂ ಇಳಿಯಲೂ ಬೇರೆಯವರು ಎತ್ತಬೇಕು. ಹಾಗಿದ್ದೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಪಡೆದಳು; 1956ರಲ್ಲಿ ಮತ್ತೊಮ್ಮೆ. ಕಾಲಿನಿಂದ ಒತ್ತಿ ಅಪ್ಪಣೆ ಮಾಡಲು ಅವಳಿಗೆ ಆಗುತ್ತಿರಲಿಲ್ಲ. ಮೈಯ ಭಾರವನ್ನು ತುಸು ಆಚೀಚೆ ಮಾಡಿದರೆ ಅದನ್ನು ಅರಿಯಲು ಅವಳ ಕುದುರೆ ಜುಬಿಲಿ ಕಲಿತಿತ್ತು. ಅಲ್ಲಿ ಒಬ್ಬರ ಧೈರ್ಯವನ್ನು ಮಾತ್ರ ಅಳೆಯಲು ನನಗೆ ಸಾಧ್ಯವಾಗುವುದಿಲ್ಲ. ಏರುವುದೇ ಅನ್ಯಾಯ ಎಂದು ನನಗೆ ತೋರದು. ಏರಿದ ಮೇಲೆ ಕೆಳಗಿರುವುದನ್ನು ಮರೆಯುವುದು ಅನ್ಯಾಯ. ಮಗಳು ಇದನ್ನು ಒಪ್ಪಿಲ್ಲ. ಅವಳು ಮೂರು ತಿಂಗಳಿಗೆ ಸವಾರಿ ಬಿಟ್ಟಳು, ನಾನು ಬಿಡಲಿಲ್ಲ.

ನಡುವೆ ಒಂದು ಮಾತು, ವಿಷಯಕ್ಕೆ ಹೊರಗಿನದು ಎನಿಸಿದರೆ ಕ್ಷಮಿಸಿ. ನಾನು ಓದಿದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಅಮ್ಮನಿಂದ ಕಲಿತದ್ದು. ಇಪ್ಪತ್ತರ ವಯಸ್ಸಿನಲ್ಲಿ ಮೈಸೂರಿನ ಒಂದು ಮದುವೆ ಮನೆಯಲ್ಲಿ ನನ್ನ ಕನ್ನಡ ಕೇಳಿ ಯಾರೋ ನಕ್ಕರು. ಅಂದಿನಿಂದ ಹತ್ತು ವರ್ಷ ಮನೆಯ ಹೊರಗೆ ಕನ್ನಡ ಆಡಲಿಲ್ಲ, ಬರೆಯಲಿಲ್ಲ. ಕೇಳಿದವರಿಗೆ ಧೈರ್ಯ ಸಾಲದು ಎಂದೆ. ಅಲ್ಲಿ ನಾನು ಯಾರಿಗೂ ಹೊಡೆದಿರಲಿಲ್ಲ, ಬಿದ್ದದ್ದು ಮಾತ್ರ. ಆದರೂ ಹಿಂದಿರುಗಿದ ಬಗೆ ಎರಡರಲ್ಲೂ ಒಂದೇ ಆಗಿತ್ತು. ಮೊದಲು ಪಕ್ಕದಲ್ಲಿ ನಡೆಯುವುದು, ಆಮೇಲೆ ಯಾರೋ ಹಗ್ಗ ಹಿಡಿದಿರುವಾಗ ಕೂರುವುದು. ನಿಮ್ಮಲ್ಲೂ ಹೀಗೆ ಹಿಂದಿರುಗಿದವರು ಇರಬಹುದು.

ಎರಡನೆಯ ತಿಂಗಳಿನಲ್ಲಿ ರಿಕಾಪು ಬಿಚ್ಚಿಸಿದರು. ರಿಕಾಪಿದ್ದರೆ ಅದರ ಮೇಲೆ ತುಳಿದು ನಿಂತು ಭಯವನ್ನು ಕಾಲಿನಲ್ಲಿ ಬಚ್ಚಿಡಬಹುದು. ಅದಿಲ್ಲದಾಗ ಕಾಲು ಜೋಲುಬೀಳಲೇಬೇಕು. ಸೊಂಟ ಕುದುರೆಯ ನಡಿಗೆಯ ಜೊತೆ ತೂಗಲೇಬೇಕು. ಬಿಗಿದಷ್ಟೂ ಮೇಲಕ್ಕೆ ಚಿಮ್ಮುತ್ತೀರಿ, ಸಡಿಲಿಸಿದಷ್ಟೂ ಕೂರುತ್ತೀರಿ. ಅಲ್ಲಮಪ್ರಭುವಿನ ವಚನದ ಆ ಸವಾರರು, ಕೊಟ್ಟದ್ದನ್ನು ಏರಲು ಬಾರದೆ ಜೀನನ್ನು ತಾವೇ ಹೊತ್ತು ತಿರುಗುವವರು, ಆಗ ನೆನಪಿಗೆ ಬಂದರು. ನನ್ನ ಹೆಗಲಿನ ಮೂಳೆ ಮಳೆಗಾಲದಲ್ಲಿ ಈಗಲೂ ನೋಯುತ್ತದೆ. ಬಹುಶಃ ಜೀನಿನ ಭಾರಕ್ಕೆ.

ಮಾರ್ಗಶಿರದ ಒಂದು ಬೆಳಗ್ಗೆ ಹಗ್ಗವಿಲ್ಲದೆ ತೋಟದ ಹೊರಗಿನ ಮಣ್ಣುದಾರಿಯಲ್ಲಿ ಹೊರಟೆವು. ಕುದುರೆ ನೋಡಿಕೊಳ್ಳುವ ಹುಡುಗ, ದೆಂಕಣಿಕೋಟೆ ಕಡೆಯ ಕನ್ನಡದವನು, ಪಕ್ಕದಲ್ಲಿ ನಡೆದು ಬರುತ್ತಿದ್ದ. ಹೊಸೂರಿನ ಸುತ್ತ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಬಹಳ. ಅಂಥದೊಂದರ ಹರಿದ ಹಾಳೆ ಬೇಲಿಗೆ ಸಿಕ್ಕಿಕೊಂಡು ಪಟಪಟ ಬಡಿಯುತ್ತಿತ್ತು. ಕುದುರೆ ನಿಂತಿತು. ಕಿವಿ ಮುಂದಾಯಿತು, ಮೂಗು ಅರಳಿತು. ನನ್ನ ಬಾಯಿ ಒಣಗಿತು. ಕೈಯಲ್ಲಿ ಬರಲು ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಎಂಬ ಯೋಚನೆ ಬಂದು ಬೆನ್ನು ತಣ್ಣಗಾಯಿತು. ಉಸಿರು ಬಿಟ್ಟೆ. ಲಗಾಮು ಸಡಿಲಿಸಿದೆ. ಅದು ನೋಡಿತು, ನಾನೂ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಇಳಿದು, ಅದರ ಹೆಗಲಿನ ಪಕ್ಕದಲ್ಲಿ ನಿಂತು, ಒಂದೊಂದೇ ಹೆಜ್ಜೆ ಕರೆದುಕೊಂಡು ಹೋದೆ. ಹಾಳೆಯನ್ನು ಮೂಸಿ ನೋಡಿ ಅದು ಫುರ್ರೆಂದು ಮೂಗು ಬಿಟ್ಟಿತು.

"ಮೇಲೇ ಕೂತ್ಕೊಂಡೇ ಹೋಗಬಹುದಿತ್ತು ಸಾರ್" ಎಂದ ಹುಡುಗ.

"ಹಿಂದೆ ಒಂದು ಸಲ ಹಾಗೇ ಮಾಡಿದ್ದೆ" ಎಂದು, ಕೆರೆ ಏರಿಯದನ್ನೆಲ್ಲ ಹೇಳಿದೆ. ಹುಡುಗರು ನಕ್ಕದ್ದು, ಮೂರು ಏಟು, ಮಾವನಿಗೆ ಹೇಳಿದ ಸುಳ್ಳು, ಅಂದಿಯೂರಿನ ಸಂತೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಂಬಂಧವಿಲ್ಲದ ಒಬ್ಬ ಹುಡುಗನಿಗೆ ಹೇಳುವುದು ಎಷ್ಟು ಸುಲಭ ಎಂಬುದೂ ಆಗಲೇ ತಿಳಿಯಿತು. ಕೇಳಬೇಕಾದ ಇಬ್ಬರೂ ಇರಲಿಲ್ಲ.

"ಆ ಕುದುರೆ ಆಮೇಲೆ ಏನಾಯ್ತು ಸಾರ್?"

"ಗೊತ್ತಿಲ್ಲ."

ಅವನು ಏನೂ ಹೇಳದೆ ಹೊಟ್ಟೆಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದ. ನನ್ನ ಮೊಣಕಾಲು ಹಿಡಿದು ಎತ್ತಿ ಮತ್ತೆ ಮೇಲೆ ಕೂರಿಸಿ, "ಕಾಲು ಕೆಳಗೆ ಬಿಡಿ ಸಾರ್, ಬಿಗೀಬೇಡಿ" ಎಂದ.